ಸಿನೊಡ್ ನಮ್ಮ ಊರಿಗೆ ಬಂದರೆ



ಜಗದ್ಗುರು ಫ್ರಾನ್ಸಿಸರು 2021ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಸಿನೊಡ್, ತನ್ನ ಅಂತಿಮ ದಸ್ತಾವೇಜನ್ನು 2024ರ ಅಕ್ಟೋಬರ್ 26ರಂದು ಅಂಗೀಕರಿಸಿತು. ಧರ್ಮಾಧ್ಯಕ್ಷರೊಂದಿಗೆ ಶ್ರೀಸಾಮಾನ್ಯ ವಿಶ್ವಾಸಿಗಳೂ, ಅವರಲ್ಲಿ ಸ್ತ್ರೀಯರೂ, ಮತ ನೀಡಿದ ದಸ್ತಾವೇಜು ಅದು. ಅದರ ಮೇಲೆ ಫ್ರಾನ್ಸಿಸರು ತಮ್ಮದೇ ಪ್ರಬೋಧನ ಪತ್ರವೊಂದನ್ನು ಬರೆಯಲಿಲ್ಲ. ಸಭೆ ಹೇಳಿದ್ದನ್ನೇ ಪ್ರಕಟಿಸಿದರು. ಬರೆಯುವ ಅಧಿಕಾರವಿದ್ದೂ ಬರೆಯದೆ ಉಳಿದದ್ದು ನಮಗೆ ಆ ದಸ್ತಾವೇಜಿನ ಯಾವ ಪುಟಕ್ಕಿಂತಲೂ ದೊಡ್ಡ ಬೋಧನೆಯಾಗಿ ಕಂಡಿತು. 2025ರ ಏಪ್ರಿಲ್ 21ರಂದು ಅವರು ದೈವಾಧೀನರಾದರು. ಮೇ 8ರಂದು ಆಯ್ಕೆಯಾದ ಹದಿನಾಲ್ಕನೆಯ ಲಿಯೋ ಅವರು ಈ ಕಾರ್ಯವನ್ನು ಮುಂದುವರಿಸಿದ್ದಾರೆ. ಅದು ಎಷ್ಟು ಜಾರಿಗೆ ಬಂತೆಂದು ವಿಚಾರಿಸಲು 2028ರ ಅಕ್ಟೋಬರ್‌ನಲ್ಲಿ ವ್ಯಾಟಿಕನ್‌ನಲ್ಲಿ ಸಭೆ ಸೇರಬೇಕೆಂದು ಗೊತ್ತುಮಾಡಲಾಗಿದೆ.

ಆಗ ಕಲಬುರಗಿ ಸೀಮೆಯವರಾದ ನಾವು ಏನೆಂದು ಉತ್ತರಿಸೋಣ? ನಮ್ಮ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 2005ರಲ್ಲಿ, ಇನ್ನೂ ಎಳೆಯದು. ವಿಶ್ವಾಸಿಗಳ ಮನೆಗಳು ದೂರದೂರ, ಗುರುಗಳಲ್ಲಿ ನಮ್ಮಂತೆ ಹೊರಜಿಲ್ಲೆಗಳಿಂದ ಬಂದವರೂ ಇದ್ದಾರೆ. ಸ್ವಾಮಿಗಳು ಹೇಳಿದ್ದೇ ಆಯಿತು ಎಂಬ ಭಕ್ತಿ ಜನರಲ್ಲಿದೆ. ಆ ಭಕ್ತಿ ಅವರ ಮಟ್ಟಿಗೆ ಪುಣ್ಯವಿರಬಹುದು, ನಮ್ಮನ್ನಂತೂ ಅದು ಕೆಡಿಸುತ್ತದೆ.

ಅಫಜಲಪುರ ತಾಲ್ಲೂಕಿನ ಅತನೂರ ಕಡೆ ಒಂದು ಮನೆಯ ಪಡಸಾಲೆಯಲ್ಲಿ ನಾವು ಬಲಿಪೂಜೆ ಇಟ್ಟುಕೊಂಡಿದ್ದೆವು. ಬೆಳಗಿನ ಒಂಬತ್ತು ಗಂಟೆ ನಮಗೆ ಅನುಕೂಲವಾದ ವೇಳೆ. ಹೋದಾಗ ಇದ್ದವರು ಒಬ್ಬ ಅಜ್ಜಿ ಮತ್ತು ಎರಡು ಕೂಸು. ನಮ್ಮ ಮುಖದ ಬಿಗುವನ್ನು ನೋಡಿ ಆಕೆ ಅಂದಳು: “ಫಾದರ್, ತೊಗರಿ ರಾಶಿ ದಿನದಾಗ ಮುಂಜಾನಿ ಯಾರು ಮನ್ಯಾಗ ಇರ್ತಾರ್ರಿ? ಒಂದ್ ಮಾತು ಕೇಳಬೇಕಿತ್ತಲ್ರಿ.” ಗುರುಮಠದಲ್ಲಿ ಸಾಕ್ರೆಟೀಸನನ್ನು ಓದಿ ಪ್ರಶ್ನೆ ಹಾಕುವುದನ್ನು ಕಲಿತಿದ್ದೆವು, ಪ್ರಶ್ನೆಗೆ ಒಳಗಾಗುವುದನ್ನು ಕಲಿಯಲು ಆ ಪಡಸಾಲೆಯವರೆಗೆ ಬರಬೇಕಾಯಿತು. ಮುಂದಿನ ಪೂಜೆ ರಾತ್ರಿ ಏಳೂವರೆಗೆ ನಡೆಯಿತು. ಕೂಡಲು ಜಾಗ ಸಾಲಲಿಲ್ಲ.

1983ರ ಧರ್ಮಸಭೆಯ ಕಾನೂನು ಸಂಹಿತೆಯ 537ನೆಯ ವಿಧಿಯಂತೆ ಪ್ರತಿ ಧರ್ಮಕೇಂದ್ರಕ್ಕೂ ಆರ್ಥಿಕ ಸಮಿತಿ ಇರಲೇಬೇಕು. ಪಾಲನಾ ಪರಿಷತ್ತನ್ನು 536ನೆಯ ವಿಧಿ ಧರ್ಮಾಧ್ಯಕ್ಷರ ವಿವೇಚನೆಗೆ ಬಿಟ್ಟು, ಅದಕ್ಕೆ ಸಲಹೆಯ ಹಕ್ಕನ್ನು ಮಾತ್ರ ಕೊಟ್ಟಿದೆ. ಇಂಥ ಪರಿಷತ್ತುಗಳು ಕಡ್ಡಾಯವಾಗಬೇಕೆಂಬುದು ಸಿನೊಡ್‌ನ ಅಪೇಕ್ಷೆ. ಸಲಹೆ ತಾನೇ, ಕೇಳಿ ಬಿಟ್ಟರಾಯಿತು ಎನ್ನುವ ಗುರುಗಳೂ ಉಂಟು. ನಮ್ಮ ಅಭಿಪ್ರಾಯ ಬೇರೆ. ಕಾನೂನು ಕೈಹಿಡಿದು ಎಳೆಯುವಲ್ಲಿ ತಗ್ಗುವುದು ವಿಧೇಯತೆ; ಅದು ಸುಮ್ಮನಿರುವಲ್ಲಿ ಬಡವನ ಮಾತಿಗೆ ತಮ್ಮ ನಿರ್ಣಯವನ್ನು ಬದಲಿಸಿಕೊಳ್ಳುವುದು ದೀನತೆ. ಪ್ರೀತಿಯಿಲ್ಲದೆ ಅದು ಸಾಧ್ಯವೂ ಅಲ್ಲ.

ಪ್ರಭು ಯೇಸು ಶಿಷ್ಯರ ಪಾದ ತೊಳೆದಾಗ ಅವು ದಾರಿಯ ಧೂಳಿನ ಪಾದಗಳು. ಪವಿತ್ರ ಗುರುವಾರ ನಮ್ಮ ಮುಂದೆ ಕೂಡುವ ಹನ್ನೆರಡು ಮಂದಿ ಮನೆಯಲ್ಲೇ ಸೋಪು ಹಚ್ಚಿ ತೊಳೆದುಕೊಂಡು ಬಂದಿರುತ್ತಾರೆ. ಅವರನ್ನು ಆರಿಸುವವರೂ ನಾವೇ! ಫ್ರಾನ್ಸಿಸರು 2013ರಲ್ಲಿ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಅಲ್ಲಿಯವರ ಪಾದ ತೊಳೆದರು. 2016ರಲ್ಲಿ ಸ್ತ್ರೀಯರನ್ನೂ ಆರಿಸಬಹುದೆಂದು ವಿಧಿಯನ್ನೇ ತಿದ್ದಿಸಿದರು. ಈ ಸಲದ ಹನ್ನೆರಡು ಹೆಸರುಗಳನ್ನು ನಮ್ಮ ಧರ್ಮಕೇಂದ್ರದ ಕೃಷಿ ಕೂಲಿಕಾರರೇ ಆರಿಸಲಿ ಎಂದು ಕೇಳಿಕೊಂಡಿದ್ದೇವೆ.

ಬರುವ ಭಾನುವಾರ ಪೂಜೆಯ ತರುವಾಯ ವರ್ಷದ ಲೆಕ್ಕದ ಪುಸ್ತಕವು ದೇವಾಲಯದ ಬಾಗಿಲ ಬಳಿ ಮೇಜಿನ ಮೇಲಿರುವುದು. ಓದು ಬಾರದವರಿಗಾಗಿ ಗಟ್ಟಿಯಾಗಿ ಓದಿಸುವೆವು.