ಒಂದೇ ಗಿಟಾರ್, ಹಲವು ಕಂಠ

ಬ್ಲ್ಯಾಕ್ ಸಬ್ಬತ್ ಬ್ಯಾಂಡ್ ಓಝಿ ಓಸ್ಬೋರ್ನ್ ಹಾಡುತ್ತಿದ್ದಾಗ ಹೆಚ್ಚೋ, ರಾನಿ ಜೇಮ್ಸ್ ಡಿಯೊ ಹಾಡುತ್ತಿದ್ದಾಗ ಹೆಚ್ಚೋ? ರಾಕ್ ಸಂಗೀತ ಕೇಳುವವರ ನಡುವೆ ಈ ಜಗಳ 1980ರಿಂದ ನಡೆದೇ ಇದೆ. 2025ರ ಜುಲೈ 22ರಂದು ಓಝಿ ತೀರಿಕೊಂಡಾಗ ಅದು ಮತ್ತೊಮ್ಮೆ ತಲೆಯೆತ್ತಿತು. ಈ ಸಂಗೀತದ ಪರಿಚಯವಿಲ್ಲದವರಿಗೆ ಇದು ಬರೀ ಅಭಿಮಾನದ ಹಟ ಅನ್ನಿಸಬಹುದು. ಆದರೆ ಇದರೊಳಗೆ ಒಂದು ಗಟ್ಟಿ ಪ್ರಶ್ನೆ ಅಡಗಿದೆ. ಹಾಡುವವರು ಬದಲಾದರೆ ಬ್ಯಾಂಡಿನಲ್ಲಿ ನಿಜಕ್ಕೂ ಏನೇನು ಬದಲಾಗುತ್ತದೆ? ಇದನ್ನು ತಿಳಿಯಲು ಬ್ಲ್ಯಾಕ್ ಸಬ್ಬತ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1970ರಿಂದ 2013ರವರೆಗೆ ಈ ಬ್ಯಾಂಡ್ ಹೊರತಂದ ಸ್ಟುಡಿಯೊ ಆಲ್ಬಂಗಳು 19, ಅವುಗಳಲ್ಲಿ ಮುಖ್ಯ ಗಾಯಕರಾಗಿ ಹಾಡಿದವರು ಐದು ಮಂದಿ. ಹತ್ತೊಂಬತ್ತರಲ್ಲೂ ಇರುವವರು ಒಬ್ಬರೇ, ಗಿಟಾರ್ ವಾದಕ ಟೋನಿ ಅಯೋಮಿ.

ಹಾಗಾಗಿ ಕಂಠಗಳ ಕತೆ ಹೇಳುವ ಮೊದಲು ಆ ಗಿಟಾರಿನ ಕತೆ ಹೇಳಬೇಕು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಆಸ್ಟನ್ ಎಂಬ ಕಾರ್ಮಿಕರ ಬಡಾವಣೆಯಲ್ಲಿ ಬೆಳೆದ ಹುಡುಗ ಅಯೋಮಿ. 17ನೇ ವಯಸ್ಸಿನಲ್ಲಿ, ತಗಡಿನ ಕಾರ್ಖಾನೆಯ ಕೆಲಸದ ಕೊನೆಯ ದಿನ, ಯಂತ್ರಕ್ಕೆ ಸಿಕ್ಕಿ ಅವರ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವರು ಎಡಚರು, ಅಂದರೆ ತಂತಿ ಒತ್ತುವ ಕೈಯೇ ಅದು. ಗಿಟಾರ್ ಬಿಡುವ ಯೋಚನೆಯಲ್ಲಿದ್ದ ಅವರಿಗೆ ಕಾರ್ಖಾನೆಯ ಮೇಲ್ವಿಚಾರಕರೊಬ್ಬರು ಜಾಂಗೊ ರೈನ್‌ಹಾರ್ಟ್ ಅವರ ರೆಕಾರ್ಡ್ ಕೇಳಿಸಿದರು. ಬೆಂಕಿ ಅವಘಡದಲ್ಲಿ ಎರಡು ಬೆರಳುಗಳ ಬಲ ಕಳೆದುಕೊಂಡೂ ಗಿಟಾರ್ ನುಡಿಸಿದ ಜಾಝ್ ಕಲಾವಿದ ಅವರು. ಅಯೋಮಿ ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು, ಮೇಲೆ ಚರ್ಮ ಅಂಟಿಸಿದರು. ನೋವು ಕಡಿಮೆಯಾಗಲೆಂದು ತೆಳುವಾದ ತಂತಿ ಹಾಕಿದರು. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಂನ ಹಲವು ಹಾಡುಗಳಿಗೆ ತಂತಿಗಳ ಶ್ರುತಿಯನ್ನೇ ಮೂರು ಅರ್ಧಸ್ವರದಷ್ಟು ಇಳಿಸಿದರು. ತಂತಿ ಸಡಿಲವಾಯಿತು, ನಾದ ದಪ್ಪವಾಯಿತು. ಇವತ್ತು ಹೆವಿ ಮೆಟಲ್ ಎಂದು ಕರೆಯುವ ಸಂಗೀತದ ಭಾರ ಬಹುಪಾಲು ಆ ಗಾಯದಿಂದ ಬಂದದ್ದು.

ಅಯೋಮಿ ಹಾಡು ಕಟ್ಟುತ್ತಿದ್ದದ್ದು ರಿಫ್‌ನಿಂದ. ರಿಫ್ ಎಂದರೆ ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ, ಕೆಲವೇ ಸ್ವರಗಳ ಗಟ್ಟಿ ಎಳೆ. 1970ರ ಫೆಬ್ರುವರಿಯಲ್ಲಿ ಬಂದ ಮೊದಲ ಆಲ್ಬಂನ ಮೊದಲ ಹಾಡಿನ ಹೆಸರೂ ‘ಬ್ಲ್ಯಾಕ್ ಸಬ್ಬತ್’. ಅದರ ರಿಫ್‌ನಲ್ಲಿ ಮುಖ್ಯವಾಗಿ ಇರುವುದು ಮೂರೇ ಸ್ವರ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮಂದ್ರದಲ್ಲೊಂದು ಷಡ್ಜ, ಅದರ ಮೇಲಿನ ಸ್ಥಾಯಿಯ ಷಡ್ಜ, ಆಮೇಲೆ ಪ್ರತಿ ಮಧ್ಯಮ. ಕಲ್ಯಾಣಿಯಲ್ಲಿ ಅಷ್ಟು ಇಂಪಾಗಿ ಕೇಳುವ ಪ್ರತಿ ಮಧ್ಯಮ ಇಲ್ಲಿ, ಅಕ್ಕಪಕ್ಕ ಬೇರೆ ಆಸರೆಯಿಲ್ಲದೆ, ನಿಧಾನ ಲಯದಲ್ಲಿ ಒಂಟಿಯಾಗಿ ನಿಂತು ಹೆದರಿಸುತ್ತದೆ.

ಈ ಭಯಕ್ಕೆ ದನಿ ಕೊಟ್ಟವರು ಓಝಿ. ಅವರದು ಪಳಗಿದ ಕಂಠವಲ್ಲ. ಓದಿನಲ್ಲಿ ಹಿಂದೆ ಬಿದ್ದು, ಕಸಾಯಿಖಾನೆಯಲ್ಲಿ ದುಡಿದು, ಕಳ್ಳತನದ ಕೇಸಿನಲ್ಲಿ ಕೆಲವು ವಾರ ಜೈಲನ್ನೂ ಕಂಡು ಬಂದ ಆಸ್ಟನ್ನಿನ ಹುಡುಗ. ಏರುದನಿ, ಸ್ವಲ್ಪ ಮೂಗಿನದು, ಅಲಂಕಾರ ಕಡಿಮೆ. ಆದರೆ ಕೇಳಿದ ಕೂಡಲೇ ಇಂಥವರೇ ಎಂದು ಗೊತ್ತಾಗುವ ಕಂಠ. ಅವರು ಹಾಡುವ ರೀತಿಯಲ್ಲಿ ಒಂದು ವಿಶೇಷವಿದೆ. 1970ರಲ್ಲೇ ಬಂದ ಎರಡನೇ ಆಲ್ಬಂ ‘ಪ್ಯಾರನಾಯ್ಡ್’ನ ‘ಐರನ್ ಮ್ಯಾನ್’ ಹಾಡನ್ನು ಹಾಕಿ, ಗಿಟಾರಿನ ಎಳೆಯನ್ನು ಬಾಯಲ್ಲಿ ಗುನುಗಿಕೊಳ್ಳಿ. ಹಾಡು ಶುರುವಾದಾಗ ಓಝಿಯ ಬಾಯಲ್ಲಿ ಬರುವುದೂ ಅದೇ ಮಟ್ಟು. ಗಿಟಾರ್ ಏರಿದಲ್ಲಿ ದನಿ ಏರುತ್ತದೆ, ಇಳಿದಲ್ಲಿ ಇಳಿಯುತ್ತದೆ.

ನಮ್ಮ ಕಛೇರಿಯಲ್ಲಿ ಹಾಡುಗಾರರು ಮುಂದೆ, ಪಿಟೀಲು ಅವರ ನೆರಳಾಗಿ ಹಿಂದೆ. ಓಝಿ ಕಾಲದ ಸಬ್ಬತ್‌ನಲ್ಲಿ ಹಲವು ಕಡೆ ಇದು ತಿರುವುಮುರುವು, ಗಿಟಾರ್ ಮುಂದೆ ನಡೆದು ದನಿ ಅದರ ನೆರಳಾಗುತ್ತದೆ. ಇದನ್ನು ಕೊರತೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ದನಿಯೂ ಗಿಟಾರೂ ಬಾಸೂ ಒಂದೇ ಸ್ವರದಲ್ಲಿ ಬಂದು ಬಡಿದಾಗ ಕೇಳುವವರಿಗೆ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಆ ಹಾಡುಗಳಿಗೆ ಬೇಕಿದ್ದದ್ದೂ ಅದೇ. ಬಾಸ್ ವಾದಕ ಗೀಜರ್ ಬಟ್ಲರ್ ಬರೆದ ಸಾಹಿತ್ಯವನ್ನು ಗಮನಿಸಿ: ‘ವಾರ್ ಪಿಗ್ಸ್’ನಲ್ಲಿ ಬಡವರ ಮಕ್ಕಳನ್ನು ಯುದ್ಧಕ್ಕೆ ಅಟ್ಟುವ ದೊಡ್ಡವರು, ‘ಹ್ಯಾಂಡ್ ಆಫ್ ಡೂಮ್’ನಲ್ಲಿ ವಿಯೆಟ್ನಾಂನಿಂದ ಮಾದಕ ವಸ್ತುವಿನ ಚಟ ಹತ್ತಿಸಿಕೊಂಡು ಬಂದ ಸೈನಿಕರು, ‘ಎಲೆಕ್ಟ್ರಿಕ್ ಫ್ಯೂನರಲ್’ನಲ್ಲಿ ಅಣುಬಾಂಬ್. ಇವನ್ನು ಸೊಗಸಾಗಿ, ಗಮಕ ಹಾಕಿ ಹಾಡಿದ್ದರೆ ಸುಳ್ಳಾಗುತ್ತಿತ್ತು. ಓಝಿ ಅಪಾಯ ಕಂಡವರು ಕೂಗಿ ಹೇಳುವಂತೆ ನೇರವಾಗಿ ಹಾಡಿದರು.

ಆದರೆ ಈ ಕ್ರಮಕ್ಕೆ ಒಂದು ಮಿತಿಯೂ ಇತ್ತು. 1975ರ ‘ಸಾಬಟಾಜ್’ ನಂತರ ಬ್ಯಾಂಡಿಗೆ ಹೊಸ ದಾರಿ ಬೇಕಾಗಿತ್ತು, ಸಿಗಲಿಲ್ಲ. ಮುಂದಿನ ಎರಡು ಆಲ್ಬಂಗಳಲ್ಲಿ ತಡಕಾಟ ಕೇಳುತ್ತದೆ. ಕುಡಿತ, ಮಾದಕ ವಸ್ತು, ದಣಿವು ಎಲ್ಲವೂ ಸೇರಿ 1979ರ ಏಪ್ರಿಲ್‌ನಲ್ಲಿ ಓಝಿಯನ್ನು ಹೊರಗೆ ಕಳಿಸಿದರು.

ಅವರ ಜಾಗಕ್ಕೆ ಬಂದ ಡಿಯೊ ಅಮೆರಿಕದವರು, ಇಟಾಲಿಯನ್ ಮೂಲದ ಮನೆತನ, ಆಗಲೇ ‘ರೇನ್‌ಬೋ’ ಬ್ಯಾಂಡಿನಲ್ಲಿ ಹೆಸರು ಮಾಡಿದ್ದವರು. ಚಿಕ್ಕಂದಿನಲ್ಲಿ ಟ್ರಂಪೆಟ್ ಕಲಿತಿದ್ದರು. ಉಸಿರನ್ನು ಹಿಡಿದು ಬಿಡುವ ಹದ ಅಲ್ಲಿಂದ ಬಂತೆಂದು ಅವರೇ ಹೇಳುತ್ತಿದ್ದರು. ರಾಕ್ ಕಛೇರಿಗಳಲ್ಲಿ ಜನ ಎರಡು ಬೆರಳೆತ್ತಿ ಕೊಂಬಿನ ಮುದ್ರೆ ತೋರಿಸುತ್ತಾರಲ್ಲ, ಅದನ್ನು ಹೆವಿ ಮೆಟಲ್‌ನಲ್ಲಿ ಬಳಕೆಗೆ ತಂದವರೂ ಇವರೇ. ದೃಷ್ಟಿ ತಾಕದಿರಲೆಂದು ಅಜ್ಜಿ ಮಾಡುತ್ತಿದ್ದ ಮುದ್ರೆ ಅದು.

ಡಿಯೊ ಬಂದಮೇಲೆ ಆದ ಬದಲಾವಣೆಯನ್ನು ಅಯೋಮಿಯೇ ವಿವರಿಸಿದ್ದಾರೆ. ಓಝಿ ರಿಫ್‌ನ ಜೊತೆಗೆ ಹಾಡುತ್ತಿದ್ದರು, ಡಿಯೊ ರಿಫ್‌ಗೆ ಅಡ್ಡಲಾಗಿ ಹಾಡುತ್ತಿದ್ದರು, ಅದರಿಂದ ಹೊಸ ಬಾಗಿಲುಗಳು ತೆರೆದವು ಎಂಬುದು ಅವರ ಮಾತಿನ ತಾತ್ಪರ್ಯ. 1980ರ ‘ಹೆವನ್ ಅಂಡ್ ಹೆಲ್’ ಆಲ್ಬಂನ ಅದೇ ಹೆಸರಿನ ಹಾಡಿನಲ್ಲಿ ಇದನ್ನು ಕಿವಿಯಾರೆ ಕೇಳಬಹುದು. ಮೊದಲು ಅಯೋಮಿಯ ರಿಫ್ ರಾಜಗಾಂಭೀರ್ಯದಿಂದ ಬರುತ್ತದೆ. ಡಿಯೊ ಬಾಯಿ ತೆರೆಯುವ ಹೊತ್ತಿಗೆ ಗಿಟಾರ್ ಬಹುಮಟ್ಟಿಗೆ ಹಿಂದೆ ಸರಿಯುತ್ತದೆ. ಉಳಿಯುವುದು ಬಾಸ್‌ನ ಒಂದೇ ಸಮನೆಯ ಮಿಡಿತ ಮತ್ತು ಡ್ರಮ್ಸ್. ಆ ಬಯಲಿನಲ್ಲಿ ಡಿಯೊ ತಮ್ಮದೇ ಮಟ್ಟನ್ನು ಕಟ್ಟುತ್ತಾರೆ, ಒಂದು ಸಾಲನ್ನು ಎಳೆದು, ಇನ್ನೊಂದನ್ನು ತಡೆದು, ಮೂರನೆಯದನ್ನು ತಾರಕ್ಕೆ ಒಯ್ದು. ರಿಫ್ ಮರಳಿದಾಗ ಅದು ಉತ್ತರ ಕೊಟ್ಟಂತೆ ಕೇಳುತ್ತದೆ. ಏಳು ನಿಮಿಷದ ಹಾಡು ಕೊನೆಗೆ ವೇಗ ಹಿಡಿದು ಓಡಿ, ಮೆಲುದನಿಯ ಗಿಟಾರಿನಲ್ಲಿ ಮುಗಿಯುತ್ತದೆ.

ಗಮನಿಸಬೇಕಾದದ್ದು ಅಯೋಮಿ ಮಾಡಿದ ಕೆಲಸವನ್ನು. ಹತ್ತು ವರ್ಷ ಹಾಡಿನ ಮುಂದಾಳಾಗಿದ್ದ ಗಿಟಾರ್ ಇಲ್ಲಿ ಜಾಗ ಬಿಟ್ಟುಕೊಟ್ಟಿತು. ಸ್ವರಗುಚ್ಛಗಳ ಓಟ ಹೆಚ್ಚಿತು, ಹಾಡುಗಳಿಗೆ ಏರಿಳಿತ ಬಂತು. ಇದೆಲ್ಲದರ ಕೀರ್ತಿಯನ್ನು ಗಾಯಕರಿಗೇ ಕೊಡುವುದೂ ಸರಿಯಲ್ಲ. ಹಿಂದೆ ಡೀಪ್ ಪರ್ಪಲ್, ರೇನ್‌ಬೋ ಆಲ್ಬಂಗಳಲ್ಲಿ ಕೆಲಸ ಮಾಡಿದ್ದ ನಿರ್ಮಾಪಕ ಮಾರ್ಟಿನ್ ಬರ್ಚ್ ಪ್ರತಿ ವಾದ್ಯವೂ ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಕೇಳುವಂತೆ ಧ್ವನಿಮುದ್ರಿಸಿದರು. ಮುಂದಿನ ವರ್ಷದ ‘ಮಾಬ್ ರೂಲ್ಸ್’ ಹೊತ್ತಿಗೆ ಡ್ರಮ್ಸ್‌ಗೆ ಬಿಲ್ ವಾರ್ಡ್ ಬದಲು ವಿನ್ನಿ ಅಪ್ಪಿಸ್ ಬಂದಿದ್ದರು. ವಾರ್ಡ್ ಅವರ ಜಾಝ್ ಮಿಶ್ರಿತ ತೂಗಾಟ ಹೋಗಿ, ಅಳೆದು ಹೊಡೆದಂಥ ಏಟು ಬಂತು. ಗಾಯಕರ ಯುಗ ಎಂದು ನಾವು ಸುಲಭಕ್ಕೆ ಹೆಸರಿಡುವ ಕಾಲಘಟ್ಟದಲ್ಲಿ ಇಷ್ಟೆಲ್ಲ ಕೈಗಳು ಸೇರಿರುತ್ತವೆ.

ಕಳೆದುಹೋದದ್ದೂ ಇದೆ. ಡಿಯೊ ತಮ್ಮ ಸಾಹಿತ್ಯವನ್ನು ತಾವೇ ಬರೆದರು. ಯುದ್ಧ, ಕಾರ್ಖಾನೆ, ಬಾಂಬ್ ಹೋಗಿ ರಾಜರು, ಕನಸುಗಳು, ಬೆಳಕು ಕತ್ತಲೆಗಳ ಒಗಟು ಬಂದವು. ಕೇಳಲು ಭವ್ಯವಾಗಿವೆ. ಆದರೆ ಆಸ್ಟನ್ನಿನ ಬೀದಿಯ ಸಿಟ್ಟು ಅವುಗಳಲ್ಲಿಲ್ಲ. ಮೊದಲ ಆರು ಆಲ್ಬಂಗಳ ಸಬ್ಬತ್ ತನ್ನ ಕಾಲದ ಬಗ್ಗೆ ಮಾತಾಡುತ್ತಿತ್ತು. ಈ ನಷ್ಟವನ್ನು ಡಿಯೊ ಅಭಿಮಾನಿಗಳು ಒಪ್ಪಿಕೊಳ್ಳಬೇಕು.

ಇಬ್ಬರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು 1982 ಒಂದು ಅಪರೂಪದ ಅವಕಾಶ ಕೊಟ್ಟಿದೆ. ಆ ವರ್ಷ ಡಿಯೊ ಇದ್ದ ಸಬ್ಬತ್ ತನ್ನ ಕಛೇರಿಗಳನ್ನು ಧ್ವನಿಮುದ್ರಿಸಿತು, ಅದು ‘ಲೈವ್ ಈವಿಲ್’ ಆಯಿತು. ಅದೇ ವರ್ಷ ಓಝಿ ನ್ಯೂಯಾರ್ಕಿನಲ್ಲಿ ಬೇರೆ ವಾದಕರನ್ನು ಕಟ್ಟಿಕೊಂಡು ಬರೀ ಸಬ್ಬತ್ ಹಾಡುಗಳನ್ನೇ ಹಾಡಿ ‘ಸ್ಪೀಕ್ ಆಫ್ ದಿ ಡೆವಿಲ್’ ತಂದರು. ‘ವಾರ್ ಪಿಗ್ಸ್’, ‘ಐರನ್ ಮ್ಯಾನ್’, ‘ಪ್ಯಾರನಾಯ್ಡ್’ ಎರಡರಲ್ಲೂ ಇವೆ. ‘ವಾರ್ ಪಿಗ್ಸ್’ ಕೇಳಿ. ಡಿಯೊ ದೊಡ್ಡ ಗಾಯಕರು, ಸಾಲುಗಳನ್ನು ಬೆಳೆಸುತ್ತಾರೆ, ತಿರುವು ಕೊಡುತ್ತಾರೆ. ಹಾಗೆ ಮಾಡಿದಷ್ಟೂ ಹಾಡಿನ ಏಟು ತಗ್ಗುತ್ತದೆ. ಓಝಿಯ ಹಿಂದೆ ಅಯೋಮಿ ಇಲ್ಲ, ದನಿ ದಣಿದಿದೆ. ಪ್ರಾಣಸ್ನೇಹಿತನಂತಿದ್ದ ಗಿಟಾರ್ ವಾದಕ ರ್‍ಯಾಂಡಿ ರೋಡ್ಸ್ ಅದೇ ಮಾರ್ಚ್‌ನಲ್ಲಿ ವಿಮಾನ ದುರಂತದಲ್ಲಿ ಸತ್ತಿದ್ದರು. ಆದರೂ ಹಾಡು ಅವರ ಬಾಯಲ್ಲಿ ತನ್ನ ಮನೆಯಲ್ಲಿದೆ. ಉಲ್ಟಾ ಪರೀಕ್ಷೆ ನಡೆಯಲೇ ಇಲ್ಲ. 1997ರಲ್ಲಿ ಓಝಿ ಮರಳಿ ಬಂದ ಮೇಲೆ ಬ್ಯಾಂಡ್ ನುಡಿಸಿದ್ದು ಅವರ ಕಾಲದ ಹಾಡುಗಳನ್ನೇ.

ನಡುವೆ ಬಂದುಹೋದವರನ್ನು ಬೇಗ ನೋಡಿ ಮುಗಿಸಬಹುದು. 1983ರ ‘ಬಾರ್ನ್ ಅಗೇನ್’ಗೆ ಡೀಪ್ ಪರ್ಪಲ್‌ನ ಇಯಾನ್ ಗಿಲನ್ ಹಾಡಿದರು. ಆ ಪ್ರವಾಸಕ್ಕೆ ಮಾಡಿಸಿದ ಸ್ಟೋನ್‌ಹೆಂಜ್ ಕಲ್ಲುಗಳ ರಂಗಸಜ್ಜಿಕೆ ಹಲವು ಸಭಾಂಗಣಗಳಲ್ಲಿ ಹಿಡಿಸಲೇ ಇಲ್ಲ. ಕಂಠವೂ ಈ ಬ್ಯಾಂಡಿಗೆ ಹಿಡಿಸಲಿಲ್ಲ. 1986ರಲ್ಲಿ ಗ್ಲೆನ್ ಹ್ಯೂಸ್ ಹಾಡಿದ ‘ಸೆವೆಂತ್ ಸ್ಟಾರ್’ ಅಯೋಮಿಯ ಸ್ವಂತ ಆಲ್ಬಂ ಆಗಬೇಕಿದ್ದದ್ದು.

ಟೋನಿ ಮಾರ್ಟಿನ್ ವಿಷಯ ಮಾತ್ರ ಹಾಗಲ್ಲ. ಬರ್ಮಿಂಗ್‌ಹ್ಯಾಮಿನವರೇ ಆದ ಮಾರ್ಟಿನ್ 1987ರಿಂದ 1995ರ ನಡುವೆ ಐದು ಆಲ್ಬಂ ಹಾಡಿದರು. ಓಝಿ ಬಿಟ್ಟರೆ ಹೆಚ್ಚು ಆಲ್ಬಂಗಳಲ್ಲಿರುವ ಗಾಯಕರು ಇವರೇ. ಮೊದಲನೆಯದಾದ ‘ದಿ ಇಟರ್ನಲ್ ಐಡಲ್’ನಲ್ಲಿ ಅವರಿಗೆ ಮುಂಚಿನ ಗಾಯಕ ರೇ ಗಿಲ್ಲನ್ ಹಾಡಿಟ್ಟು ಹೋಗಿದ್ದ ಹಾಡುಗಳನ್ನೇ ಹೊಸದಾಗಿ ಹಾಡಬೇಕಾಯಿತು. 1989ರ ‘ಹೆಡ್‌ಲೆಸ್ ಕ್ರಾಸ್’ನಲ್ಲಿ, ಕೋಝಿ ಪವೆಲ್ ಅವರ ಡ್ರಮ್ಸ್ ಜೊತೆ, ಅವರ ದನಿ ತನ್ನ ನೆಲೆ ಕಂಡಿತು. ಡಿಯೊ ಅಚ್ಚಿನಲ್ಲೇ ಬೆಳೆದ ಕಂಠ ನಿಜ, ಆದರೆ ಆ ಆಲ್ಬಂನ ಕತ್ತಲು ಅದರದ್ದೇ. ಡಿಯೊ ಮರಳಿದಾಗ ಮಾರ್ಟಿನ್ ಜಾಗ ಬಿಡಬೇಕಾಯಿತು. 1992ರ ನವೆಂಬರ್‌ನಲ್ಲಿ ಓಝಿಯ ಕಛೇರಿಗೆ ಮುಂಚೆ ನುಡಿಸಲು ಡಿಯೊ ಒಪ್ಪದೆ ಹೊರನಡೆದರು, ಆ ಎರಡು ರಾತ್ರಿ ಜುಡಾಸ್ ಪ್ರೀಸ್ಟ್‌ನ ರಾಬ್ ಹ್ಯಾಲ್ಫರ್ಡ್ ಹಾಡಿದರು. ಮತ್ತೆ ಕರೆದಾಗ ಮಾರ್ಟಿನ್ ಬಂದರು. ಆಮೇಲೆ ಅವರ ಆಲ್ಬಂಗಳು ವರ್ಷಗಟ್ಟಲೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. 2024ರಲ್ಲಿ ಅವುಗಳಲ್ಲಿ ನಾಲ್ಕು ‘ಆನ್ನೋ ಡೊಮಿನಿ’ ಸಂಪುಟವಾಗಿ ಹೊರಬಂದವು.

ಸನ್ಮಾನಗಳು ಈ ಚರಿತ್ರೆಯನ್ನು ಇನ್ನಷ್ಟು ಕಿರಿದು ಮಾಡಿವೆ. 2006ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವಿಸಿದ್ದು ಮೊದಲ ನಾಲ್ವರನ್ನು ಮಾತ್ರ. ಡಿಯೊ ಹೆಸರು ಅಲ್ಲಿಲ್ಲ. ಅದೇ ವರ್ಷ ಡಿಯೊ, ಅಯೋಮಿ, ಬಟ್ಲರ್, ಅಪ್ಪಿಸ್ ಒಟ್ಟುಗೂಡಿದಾಗ ಬ್ಯಾಂಡಿಗೆ ‘ಹೆವನ್ ಅಂಡ್ ಹೆಲ್’ ಎಂದು ಬೇರೆ ಹೆಸರನ್ನೇ ಇಟ್ಟುಕೊಂಡರು. 2010ರ ಮೇ 16ರಂದು ಡಿಯೊ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡರು.

ಗಾಯಕ ಬದಲಾದರೆ ಎಲ್ಲ ಬ್ಯಾಂಡುಗಳಲ್ಲೂ ಹೀಗೇ ಆಗಬೇಕೆಂದಿಲ್ಲ. 1980ರ ಫೆಬ್ರುವರಿಯಲ್ಲಿ ಎಸಿ/ಡಿಸಿಯ ಬಾನ್ ಸ್ಕಾಟ್ ಸತ್ತ ಮೇಲೆ ಬ್ರಯಾನ್ ಜಾನ್ಸನ್ ಬಂದರು. ಅದೇ ಜುಲೈನಲ್ಲಿ ‘ಬ್ಯಾಕ್ ಇನ್ ಬ್ಲ್ಯಾಕ್’ ಬಂತು. ಅಲ್ಲಿ ಹಾಡು ಕಟ್ಟುವ ಕ್ರಮ ಹೆಚ್ಚು ಕದಲಲಿಲ್ಲ, ಹೊಸಬರು ಅದಕ್ಕೆ ಹೊಂದಿಕೊಂಡರು. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಕೇಳಿದವರು ಬ್ರೂಸ್ ಡಿಕಿನ್ಸನ್ ಅವರನ್ನು ಕಂಡರು. ಅವರೂ 1981ರಲ್ಲಿ ಪಾಲ್ ಡಿಯಾನೊ ಜಾಗಕ್ಕೆ ಬಂದವರು. ಅಲ್ಲಿ ಕಂಠದ ಜೊತೆ ಹಾಡುಗಳ ಉದ್ದ, ಎತ್ತರ ಎರಡೂ ಬೆಳೆದವು.

ಹಾಗಾಗಿ ಯಾರ ಕಂಠ ದೊಡ್ಡದು ಎಂದು ಕೇಳುವ ಮೊದಲು, ಆ ಕಂಠಕ್ಕಾಗಿ ವಾದಕರು ಏನನ್ನು ಬದಲಿಸಿದರು ಎಂದು ಕಿವಿಗೊಡಿ. ನನ್ನ ಕಿವಿಯ ಮಟ್ಟಿಗೆ, ಹೊಸದೊಂದು ಸಂಗೀತವನ್ನು ಹುಟ್ಟಿಸಿದ್ದು ಓಝಿ ಕಾಲ. ಹಾಡು ಕಟ್ಟುವ ಕೌಶಲದಲ್ಲಿ ‘ಹೆವನ್ ಅಂಡ್ ಹೆಲ್’ ಅದಕ್ಕಿಂತ ಮೇಲು. ಒಂದೇ ಆಲ್ಬಂಗೆ ಬಿಡುವಿದ್ದರೆ ‘ಮಾಸ್ಟರ್ ಆಫ್ ರಿಯಾಲಿಟಿ’ ಕೇಳಿ, ಎರಡಕ್ಕಿದ್ದರೆ ‘ಹೆವನ್ ಅಂಡ್ ಹೆಲ್’ ಸೇರಿಸಿಕೊಳ್ಳಿ. ಮೂರನೆಯದಾಗಿ ‘ಹೆಡ್‌ಲೆಸ್ ಕ್ರಾಸ್’ಗೂ ಒಂದು ಸಂಜೆ ಕೊಡಿ, ಟೋನಿ ಮಾರ್ಟಿನ್ ಅವರಿಗೆ ಆ ನ್ಯಾಯ ಇನ್ನೂ ಸಲ್ಲಬೇಕಿದೆ.