ಬಲೆಗೆ ಜಲಾಂತರ್ಗಾಮಿ ಸಿಕ್ಕರೆ ನಷ್ಟ ಯಾರ ತಲೆಗೆ?

ಡೊಂಬಿವಲಿ ಸ್ಟೇಷನ್ ಹೊರಗೆ ಬಂಗುಡೆ ಕೊಳ್ಳುವಾಗ ನಾವು ಕರಾವಳಿಯವರು ಸೇರಿದರೆ ಮಲ್ಪೆಯ ಮಾತು ಬಂದೇ ಬರುತ್ತದೆ. ಒಮ್ಮೊಮ್ಮೆ ಅದು ‘ಸುವರ್ಣ ತ್ರಿಭುಜ’ದ ಹತ್ತಿರ ಹೋಗಿ ನಿಲ್ಲುತ್ತದೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಆ ಬೋಟು ಏಳು ಮಂದಿಯೊಂದಿಗೆ ಕಣ್ಮರೆಯಾಯಿತು. ಅವಶೇಷ ಸಿಕ್ಕಿದ ಸುದ್ದಿ ಬಂದದ್ದು 2019ರ ಮೇ ತಿಂಗಳಲ್ಲಿ, ಇದೇ ಮಹಾರಾಷ್ಟ್ರದ ಮಾಲ್ವಣ್ ಕಡಲಿನಿಂದ. ನೌಕಾಪಡೆಯ ಹಡಗು ಬಡಿದಿರಬೇಕು ಎಂಬ ಮೀನುಗಾರರ ಶಂಕೆ ಸಾಬೀತಾಗಲಿಲ್ಲ, ಅಳಿಯಲೂ ಇಲ್ಲ.

2024ರ ನವೆಂಬರ್ 21ರ ಘಟನೆಯಲ್ಲಿ ಬಡಿದದ್ದು ಯಾರು ಎಂಬ ಪ್ರಶ್ನೆಯೇ ಇರಲಿಲ್ಲ. ಗೋವಾದಿಂದ ವಾಯವ್ಯಕ್ಕೆ ಸುಮಾರು 70 ನಾಟಿಕಲ್ ಮೈಲಿ ದೂರದಲ್ಲಿ ‘ಮಾರ್ತೋಮಾ’ ಎಂಬ ಮೀನುಗಾರಿಕಾ ಬೋಟಿಗೂ ಜಲಾಂತರ್ಗಾಮಿ ಐಎನ್‌ಎಸ್ ಕರಂಜ್‌ಗೂ ಡಿಕ್ಕಿಯಾಯಿತು. ಕರಂಜ್ ಕಟ್ಟಿದ್ದು ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ. ಹೆಸರು ಕೇಳಿದರೆ ನವಿ ಮುಂಬಯಿಯವರಿಗೆ ಉರಣದ ಕರಂಜಾ ನೆನಪಾಗುತ್ತದೆ. ಬೋಟಿನ 13 ಮಂದಿಯಲ್ಲಿ 11 ಮಂದಿ ಬದುಕಿದರು. ಮುಂದೆ ಬಾಂಬೆ ಹೈಕೋರ್ಟಿಗೆ ಹೋಗಿ, ಜಲಾಂತರ್ಗಾಮಿಗೆ ಸುಮಾರು 10 ಕೋಟಿ ರೂ. ಹಾನಿಯಾಗಿದೆ, ಬೋಟಿನವರು ಕೊಡಬೇಕು ಎಂದದ್ದು ಕೇಂದ್ರ ಸರ್ಕಾರ!

ತಪ್ಪು ಯಾರದೆಂದು ನ್ಯಾಯಾಲಯ ಹೇಳಲಿ. ನನ್ನ ತಕರಾರು ತಕ್ಕಡಿಯ ಬಗ್ಗೆ. ಕಡಲ ವ್ಯಾಜ್ಯಗಳ 2017ರ ಅಡ್ಮಿರಾಲ್ಟಿ ಕಾಯ್ದೆಯಡಿ ಹಾನಿ ಮಾಡಿದ ಹಡಗನ್ನೇ ‘ಬಂಧಿಸಿ’ ಪರಿಹಾರ ಕೇಳಬಹುದು. ಆದರೆ ಯುದ್ಧನೌಕೆಗೆ ಆ ಕಾಯ್ದೆ ಅನ್ವಯಿಸದು. ಸರ್ಕಾರ ಬೋಟನ್ನು ಹಿಡಿಯಬಹುದು, ಬೋಟಿನವನು ಯುದ್ಧನೌಕೆಯನ್ನು ಹಿಡಿಯುವಂತಿಲ್ಲ. ಅವನಿಗೆ ಉಳಿದದ್ದು ಸರ್ಕಾರದ ವಿರುದ್ಧ ಸಾಮಾನ್ಯ ದಾವೆ. ವಕೀಲರ ಫೀಸು ಕಟ್ಟುತ್ತಾ ವರ್ಷಗಟ್ಟಲೆ ಕಾಯಲು ಎಷ್ಟು ಮನೆಗಳಿಗೆ ಸಾಧ್ಯ?

ನೀರೊಳಗಿನ ಜಲಾಂತರ್ಗಾಮಿ ಕಿವಿಯನ್ನೇ ನಂಬಿ ಸಾಗುತ್ತದೆ. 2015ರ ಏಪ್ರಿಲ್‌ನಲ್ಲಿ ಐರಿಷ್ ಸಮುದ್ರದಲ್ಲಿ ‘ಕರೆನ್’ ಎಂಬ ಟ್ರಾಲರ್ ಬಲೆ ಸಮೇತ ಹಿಂದಕ್ಕೆ ಎಳೆಯಲ್ಪಟ್ಟಿತು. ಬ್ರಿಟನ್ನಿನ ಜಲಾಂತರ್ಗಾಮಿಯ ಸೋನಾರ್‌ಗೆ ಎಂಜಿನ್ ಸದ್ದು ಕೇಳಿಸಿತ್ತು, ಬಲೆ ಎಳೆಯುವ ಸದ್ದು ಕೇಳಿಸಿರಲಿಲ್ಲ, ಸರಕು ಹಡಗೆಂದುಕೊಂಡರು. ಅದು ತಮ್ಮದೇ ನೌಕೆ ಎಂದು ಒಪ್ಪಲು ಅಲ್ಲಿನ ಸರ್ಕಾರಕ್ಕೆ ಸುಮಾರು ಐದು ತಿಂಗಳು ಬೇಕಾಯಿತು. ಅಮೆರಿಕದ ನಡೆ ಬೇರೆ. 2001ರಲ್ಲಿ ಅದರ ಜಲಾಂತರ್ಗಾಮಿ ಹವಾಯಿ ಬಳಿ ಜಪಾನಿನ ‘ಎಹಿಮೆ ಮಾರು’ವನ್ನು ಮುಳುಗಿಸಿ ಒಂಬತ್ತು ಮಂದಿ ಸತ್ತಾಗ, ಕಡಲಾಳದಿಂದ ಹಡಗನ್ನೆತ್ತಿ ಶವ ಹುಡುಕಿಸಿತು, ಎಹಿಮೆ ಪ್ರಾಂತ್ಯಕ್ಕೆ ಸುಮಾರು 1.1 ಕೋಟಿ ಡಾಲರ್, ಕುಟುಂಬಗಳಿಗೆ ಪ್ರತ್ಯೇಕವಾಗಿ ಪರಿಹಾರ ಕೊಟ್ಟಿತು.

ನಮ್ಮಲ್ಲೂ ತಪ್ಪಿನ ತೀರ್ಮಾನಕ್ಕೆ ಕಾಯದೆ ಸತ್ತವರ ಮನೆಗೆ ಮೊದಲ ಕಂತು ಸಲ್ಲಬೇಕು. ತನಿಖೆ ನೌಕಾಪಡೆಯ ಹೊರಗಿನವರ ಕೈಯಲ್ಲಿರಬೇಕು. ಸದ್ಯಕ್ಕೆ ಇರುವುದು ಟ್ರಾನ್ಸ್‌ಪಾಂಡರ್. ಒಂದು ಲಕ್ಷ ಬೋಟುಗಳಿಗೆ ಅಳವಡಿಸುವ ಯೋಜನೆಗೆ 2024ರ ಆಗಸ್ಟ್‌ನಲ್ಲಿ ಚಾಲನೆ ಸಿಕ್ಕಿದ್ದು ಇಲ್ಲೇ ಪಾಲ್ಘರ್‌ನಲ್ಲಿ. ಮುಳುಗಿ ಸಾಗುವ ಜಲಾಂತರ್ಗಾಮಿ ತಾನಿರುವ ಜಾಗ ಹೇಳದು, ನಿಜ. ಆದರೂ ಊರಲ್ಲಿ ಬೋಟು ಇಟ್ಟ ಅಣ್ಣತಮ್ಮಂದಿರಿಗೆ ಭಾನುವಾರ ಫೋನ್ ಮಾಡುವಾಗ, ಅದನ್ನು ಆಫ್ ಮಾಡಬೇಡಿ ಎನ್ನಿ. ನಾಳೆ ಕೋರ್ಟಿನಲ್ಲಿ ‘ನಿಮ್ಮ ಬೋಟು ಎಲ್ಲಿತ್ತು?’ ಎಂದು ಕೇಳಿದರೆ ತೋರಿಸಲು ಒಂದು ದಾಖಲೆಯಾದರೂ ಇರುತ್ತದೆ.