ವ್ಯಾಲೆಂಟೈನು, ಕಾಮಣ್ಣ ಮತ್ತು ನಮ್ಮ ಹಡಗಲಿ ಮಲ್ಲಿಗೆ

ಫೆಬ್ರವರಿ ಬಂತೆಂದರೆ ಸಾಕು, ಎರಡು ಗುಂಪು ಎದ್ದು ನಿಲ್ಲುತ್ತವೆ. ಒಂದು ಗುಲಾಬಿ, ಚಾಕೊಲೇಟು, ಟೆಡ್ಡಿ ಬೇರ್ ಮಾರುವವರದ್ದು. ಇನ್ನೊಂದು "ಇದು ನಮ್ಮ ಸಂಸ್ಕೃತಿಯಲ್ಲ" ಅನ್ನುವವರದ್ದು. ಮೊದಲನೆಯವರಿಗೆ ವ್ಯಾಪಾರ, ಬಿಡಿ. ಎರಡನೆಯವರ ಮಾತನ್ನು ಮಾತ್ರ ಸ್ವಲ್ಪ ಒರೆಗೆ ಹಚ್ಚಿ ನೋಡಬೇಕು ಅನ್ನಿಸುತ್ತೆ. ಅದರಲ್ಲೂ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ನಮ್ಮಂಥವರು ಈ ಮಾತು ಆಡುವಾಗ!

ಮೊದಲು ಆ ವ್ಯಾಲೆಂಟೈನ್ ಕಥೆ ಮುಗಿಸಿಬಿಡೋಣ. ರೋಮ್ ದೊರೆ ಎರಡನೇ ಕ್ಲಾಡಿಯಸ್ ಸೈನಿಕರ ಮದುವೆ ನಿಷೇಧಿಸಿದ, ಪಾದ್ರಿಯೊಬ್ಬ ಕದ್ದುಮುಚ್ಚಿ ಮದುವೆ ಮಾಡಿಸಿ ತಲೆ ಕೊಟ್ಟ ಅಂತ ಪ್ರತಿ ವರ್ಷ ಪೇಪರಿನಲ್ಲಿ ಬರುತ್ತಲ್ಲ, ಅದು ಬಹುಮಟ್ಟಿಗೆ ದಂತಕಥೆ. ವ್ಯಾಲೆಂಟೈನ್ ಹೆಸರಿನ ಹುತಾತ್ಮರು ಒಬ್ಬರಿಗಿಂತ ಹೆಚ್ಚು ಜನ ಇದ್ದರು. ಯಾರ ಬಗ್ಗೆಯೂ ಗಟ್ಟಿ ದಾಖಲೆ ಕಡಿಮೆ. 1969ರಲ್ಲಿ ಕ್ಯಾಥೊಲಿಕ್ ಚರ್ಚೇ ತನ್ನ ಸಾರ್ವತ್ರಿಕ ಪಂಚಾಂಗದಿಂದ ಈ ದಿನವನ್ನು ಕೈಬಿಟ್ಟಿತು. ಪ್ರೀತಿಗೂ ಈ ದಿನಕ್ಕೂ ಗಂಟು ಹಾಕಿದವರಲ್ಲಿ ಮೊದಲಿಗ ಅಂತ ಹೆಸರಾದವನು ಇಂಗ್ಲೆಂಡಿನ ಕವಿ ಚಾಸರ್. 1380ರ ಆಸುಪಾಸಿನ ಅವನ ಕಾವ್ಯದಲ್ಲಿ ಆ ದಿನ ಹಕ್ಕಿಗಳು ಸೇರಿ ಜೋಡಿ ಆರಿಸಿಕೊಳ್ಳುತ್ತವೆ. 1840ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿಗೆ ಕಾಗದ ಕಳಿಸುವ ಅಂಚೆ ಶುರುವಾದ ಮೇಲೆ ಕಾರ್ಡುಗಳ ಸುಗ್ಗಿ. ನಮ್ಮಲ್ಲಿಗೆ ಇದು ಜೋರಾಗಿ ಬಂದದ್ದು 1991ರ ಉದಾರೀಕರಣದ ನಂತರ, ಗ್ರೀಟಿಂಗ್ ಕಾರ್ಡ್ ಅಂಗಡಿ ಮತ್ತು ಟೀವಿ ಚಾನೆಲ್ಲುಗಳ ಬೆನ್ನೇರಿ.

ಸರಿ, ಹಾಗಾದರೆ ಇದು ಹೊರಗಿನದೇ. ಆದರೆ ಪ್ರೀತಿಗೊಂದು ಹಬ್ಬ ಅನ್ನುವುದೂ ಹೊರಗಿನದೇ?

ಏಳನೇ ಶತಮಾನದ ಹರ್ಷನ 'ರತ್ನಾವಳಿ' ನಾಟಕ ಶುರುವಾಗುವುದೇ ಮದನೋತ್ಸವದಿಂದ. ಅದರಲ್ಲಿ ರಾಣಿಯೇ ಮನ್ಮಥನ ಪೂಜೆ ಮಾಡುತ್ತಾಳೆ. ಹದಿನೈದನೇ ಶತಮಾನದಲ್ಲಿ ನಮ್ಮ ಪಕ್ಕದ ವಿಜಯನಗರಕ್ಕೆ ಬಂದಿದ್ದ ಇಟಲಿಯ ನಿಕೊಲೊ ಕೊಂಟಿ, ಜನ ದಾರಿಯಲ್ಲಿ ಹೋಗುವವರ ಮೇಲೆಲ್ಲ ಕೇಸರಿ ನೀರು ಎರಚುವ ಹಬ್ಬವೊಂದನ್ನು ಬರೆದಿಟ್ಟಿದ್ದಾನೆ. ರಾಜ ರಾಣಿಯರನ್ನೂ ಬಿಡುತ್ತಿರಲಿಲ್ಲವಂತೆ! ಅಂಥ ಮದನನನ್ನು ನಾವು ಈಗ ವರ್ಷಕ್ಕೊಮ್ಮೆ ಕಾಮನ ಹುಣ್ಣಿಮೆಗೆ ನೆನೆಸುತ್ತೇವೆ. ಹೇಗೆ? ಕಟ್ಟಿಗೆ ಕದ್ದು ತಂದು, ಸುಟ್ಟು, ಲಬೋ ಲಬೋ ಅಂತ ಬಾಯಿ ಬಡಿದುಕೊಂಡು!

ಕಾಮನ ಐದು ಹೂಬಾಣಗಳಲ್ಲಿ ಒಂದು ನವಮಲ್ಲಿಕೆ. ಮಲ್ಲಿಗೆಗೆ ನಮ್ಮ ಹಡಗಲಿಗಿಂತ ಬೇರೆ ಊರು ಬೇಕೆ? ಇಲ್ಲಿಂದ ಹಂಪಿಗೆ ತುಂಗಭದ್ರೆಯಲ್ಲಿ ಹಡಗಿನ ಮೇಲೆ ಹೂ ಹೋಗುತ್ತಿತ್ತು, ಅದಕ್ಕೇ ಹೂವಿನಹಡಗಲಿ ಅಂತ ಹೇಳುತ್ತಾರೆ. ಆದರೆ ವಿಜಯನಗರಕ್ಕಿಂತ ಎಷ್ಟೋ ಹಿಂದೆ, ಕಲ್ಯಾಣ ಚಾಲುಕ್ಯರ ಕಾಲದಲ್ಲೇ ಈ ಊರಿನ ಹೆಸರಿನಲ್ಲಿ 'ಪೂವಿನ' ಅಂತ ಇತ್ತು. ಅಂದರೆ ವಿಜಯನಗರ ಹುಟ್ಟುವ ಮೊದಲೇ ಇಲ್ಲಿ ಹೂವಿತ್ತು! ಹಡಗಲಿ ಮಲ್ಲಿಗೆಗೆ ಈಗ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಇಷ್ಟಿದ್ದೂ ನಮ್ಮ ಹುಡುಗರು ಆ ದಿನ ಎಲ್ಲಿಂದಲೋ ಬಂದ ಗುಲಾಬಿಯನ್ನು ದುಪ್ಪಟ್ಟು ರೇಟಿಗೆ ಕೊಳ್ಳುತ್ತಾರೆ. ಮಲ್ಲಿಗೆ ಮಾಲೆ ಕೊಟ್ಟರೆ ಹುಡುಗಿ ಬೇಡ ಅಂತಾಳಾ?

ಹೂವಿದೆ, ದೇವರಿದ್ದಾನೆ, ಹಬ್ಬವಿದೆ. ಹಾಗಾದರೆ ನಮ್ಮಲ್ಲಿ ಇಲ್ಲದ್ದು ಏನು?

ನನಗನ್ನಿಸುವುದು, *ಕೇಳುವ* ಪದ್ಧತಿ.

ಇಂಗ್ಲಿಷಿನ ಅತ್ಯಂತ ಹಳೆಯ ವ್ಯಾಲೆಂಟೈನ್ ಪತ್ರಗಳಲ್ಲೊಂದು 1477ರದ್ದು. ಬರೆದವಳು ಮಾರ್ಜರಿ ಬ್ರೂಸ್ ಅನ್ನುವ ಹುಡುಗಿ, ಜಾನ್ ಪ್ಯಾಸ್ಟನ್‌ಗೆ. ಅದರಲ್ಲಿ ಚಂದ್ರ ತಾರೆ ಏನಿಲ್ಲ, ಇರುವುದು ವರದಕ್ಷಿಣೆ ಜಗಳ! ಅಪ್ಪ ಇನ್ನು ಹೆಚ್ಚು ಕೊಡಲು ಒಪ್ಪುತ್ತಿಲ್ಲ, ನಿನಗೆ ನನ್ನ ಮೇಲೆ ನಿಜವಾಗಿ ಪ್ರೀತಿ ಇದ್ದರೆ ಅದಕ್ಕಾಗಿ ನನ್ನನ್ನು ಬಿಡಬೇಡ ಅನ್ನುವುದು ಅವಳ ಮಾತಿನ ಸಾರ. ಕೊನೆಗೆ ಅವರಿಬ್ಬರ ಮದುವೆ ಆಯಿತು. ಈ ಪತ್ರ ನಮ್ಮ ಯಾವ ಹಳ್ಳಿಯದೂ ಆಗಬಹುದಿತ್ತು ಅಲ್ವಾ? ಆದರೆ ನಮ್ಮಲ್ಲಿ ಅಂಥ ಪತ್ರ ಸಿಕ್ಕಿಬಿದ್ದರೆ ಹುಡುಗಿಗೆ ಕಾಲೇಜು ಬಿಡಿಸುತ್ತಾರೆ.

ಈಗ ನಮ್ಮ ಫೆಬ್ರವರಿ ನೋಡಿ. 2025ರಲ್ಲಿ ಭಾರತ ಹುಣ್ಣಿಮೆ ಫೆಬ್ರವರಿ 12ಕ್ಕೆ ಬಂತು. ಹಡಗಲಿ ತಾಲೂಕಿನ ಮೈಲಾರದ ಕಾರ್ಣಿಕ ಸರಿಯಾಗಿ 14ಕ್ಕೆ! ಲಕ್ಷಾಂತರ ಜನ, ಡೆಂಕನಮರಡಿ, ಬಿಲ್ಲೇರುವ ಗೊರವಯ್ಯ... ಅದರ ಸೊಗಸೇ ಬೇರೆ. ಆದರೆ ಇದೇ ಭಾರತ ಹುಣ್ಣಿಮೆಗೇ ನಮ್ಮ ಈ ತಾಲೂಕುಗಳಲ್ಲಿ ಇನ್ನೂ ಮೈನೆರೆಯದ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿ ಬಿಡುತ್ತಿದ್ದರು ಅನ್ನುವುದನ್ನು ಮರೆಯಬಾರದು. 1982ರಲ್ಲಿ ಕಾಯ್ದೆ ಬಂತು. ಆಮೇಲೂ 1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಲೆಕ್ಕಕ್ಕೆ ಸಿಕ್ಕ ದೇವದಾಸಿಯರು 46,660. ಅವರಲ್ಲಿ ಎಷ್ಟು ಜನರನ್ನು ಯಾರಾದರೂ "ನಿನಗೆ ಒಪ್ಪಿಗೆಯೇನವ್ವಾ?" ಅಂತ ಕೇಳಿದ್ದರು?

ಮದುವೆಯದ್ದೂ ಅದೇ ಹಾಡು. ಕೊಟ್ಟೂರೇಶ್ವರನ ತೇರು ದಲಿತ ಮುತ್ತೈದೆಯರು ಆರತಿ ಬೆಳಗುವ ತನಕ ಮುಂದೆ ಹೋಗುವುದಿಲ್ಲ. ಎಂಥ ದೊಡ್ಡ ಪದ್ಧತಿ! ಆ ತೇರಿಗೆ ಉತ್ತತ್ತಿ ಎಸೆದು ಕೈಮುಗಿದವರೇ, ಮಗಳು ಬೇರೆ ಜಾತಿಯವನನ್ನು ಮೆಚ್ಚಿದಳು ಅಂದರೆ ಮನೆ ಬಾಗಿಲು ಹಾಕುತ್ತಾರೆ. ಹೆದರಿ ಹದಿನೆಂಟು ತುಂಬುವ ಮೊದಲೇ ಯಾರಿಗೋ ಕಟ್ಟಿಬಿಡುವವರೂ ಇದ್ದಾರೆ. ಬಾಲ್ಯವಿವಾಹ ಹುಟ್ಟಿನಿಂದಲೇ ಅಸಿಂಧು ಅಂತ 2016ರ ಕರ್ನಾಟಕ ತಿದ್ದುಪಡಿ ಹೇಳುತ್ತದೆ. ಯಾರು ಕೇಳಬೇಕು?

"ಸಂಸ್ಕೃತಿ" ಅನ್ನುವವರಿಗೆ ಒಂದು ಮಾತು. ಕಾಳಿದಾಸನ 'ಕುಮಾರಸಂಭವ'ದಲ್ಲಿ ಶಿವ ಮಾರುವೇಷದಲ್ಲಿ ಬಂದು ಪಾರ್ವತಿಯ ಮನಸ್ಸೇನು ಅಂತ ಪರೀಕ್ಷೆ ಮಾಡುತ್ತಾನೆ. ಶಿವನನ್ನೇ ಬಯ್ಯುತ್ತಾನೆ. ಅವಳು ಸರಿಯಾಗಿ ಉತ್ತರ ಕೊಟ್ಟ ಮೇಲೆಯೇ ತನ್ನ ರೂಪ ತೋರಿಸುವುದು. ಕಾಮನನ್ನು ಸುಟ್ಟವನೂ ಹುಡುಗಿಯ ಮನಸ್ಸು ತಿಳಿಯದೆ ಮುಂದುವರಿಯಲಿಲ್ಲ. ನಾವು ಸುಡುವುದನ್ನು ಮಾತ್ರ ಕಲಿತೆವು!

ಹಾಗಂತ ಹುಡುಗರೂ ಖುಷಿಪಡಬೇಕಿಲ್ಲ. ಕೇಳುವುದು ಅಂದರೆ "ಇಲ್ಲ" ಅನ್ನುವ ಉತ್ತರವನ್ನೂ ಕೇಳಿಸಿಕೊಳ್ಳುವುದು. ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಹುಡುಗಿ ಹಿಂದೆ ಬಿದ್ದು, ಸಿನಿಮಾ ಹೀರೋ ಥರ ಕಾಡುವುದಕ್ಕೆ ಯಾವ ಸಂತನ ಹೆಸರೂ ಬೇಡ, ಯಾವ ಮನ್ಮಥನ ಹೆಸರೂ ಬೇಡ.

ಫೆಬ್ರವರಿ 14 ಆಚರಿಸಿ, ಬಿಡಿ. ಕಾರ್ಡು ಕೊಡಿ, ಕೊಡದಿರಿ. ನನಗೆ ಅದರಲ್ಲಿ ಇಷ್ಟವಾಗುವುದು ಕಾರ್ಡಿನ ಕೊನೆಗೆ ಇರುವ ಪ್ರಶ್ನಾರ್ಥಕ ಚಿಹ್ನೆ ಮಾತ್ರ. ಅದೊಂದನ್ನು ನಮ್ಮ ಮನೆಗಳೊಳಗೆ ತಂದುಕೊಂಡರೆ ಸಾಕು. ಹೂವಿಗೆ ಹೇಗೂ ಹಡಗಲಿ ಇದೆ.

ನೀವೇನಂತೀರಿ?